ನೇರಳೆಯ ಶನಿವಾರಗಳು

ಎಳ್ಳುಬತ್ತಿ ಉರಿಯುವ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಎಡಗೈ ತಾನಾಗಿಯೇ ಮುಷ್ಟಿ ಕಟ್ಟುತ್ತದೆ. ಈಗ ನಾನಿರುವುದು ಕೋಲಾರದಲ್ಲಿ. ಮೊನ್ನೆ ಶನಿವಾರ ಸಂಜೆ ಲೈಬ್ರರಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದಾಗ ಯಾವುದೋ ಗಲ್ಲಿಯ ಶನಿಮಹಾತ್ಮನ ಗುಡಿಯಿಂದ ಆ ಹೊಗೆ ಬಂತು. ಕಪ್ಪು ಬಟ್ಟೆಯಲ್ಲಿ ಎಳ್ಳು ಕಟ್ಟಿ ಎಣ್ಣೆಯಲ್ಲಿ ನೆನೆಸಿ ಹಚ್ಚಿದ ದೀಪದ್ದು, ಬೇರೆ ಯಾವುದಕ್ಕೂ ಆ ಘಾಟು ಇರುವುದಿಲ್ಲ. ನನ್ನ ಕೈಯಲ್ಲಿ ಬ್ಯಾಗು ಬಿಟ್ಟರೆ ಏನೂ ಇರಲಿಲ್ಲ. ಆದರೂ ಯಾರೋ ರಸ್ತೆಯ ಆಚೆ ಬದಿಗೆ ಎಳೆದ ಹಾಗಾಗಿ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದವನು "ದಾರಿ ಮಧ್ಯ ನಿಂತ್ರೆ ಹೆಂಗೆ ಮೇಡಂ, ನಡೀರಿ" ಎಂದು ಗೊಣಗಿಕೊಂಡು ಪಕ್ಕದಲ್ಲಿ ಹೋದ. ಅವನು ಹೇಳಿದ್ದೂ ಸರಿಯೇ.

ಆ ವರ್ಷ ನಾನು ಶ್ರೀನಿವಾಸಪುರದ ಗ್ರಂಥಾಲಯದಲ್ಲಿದ್ದೆ. ಗ್ರಂಥಪಾಲಕಿ ಅನ್ನುವುದು ಹೆಸರಿಗೆ. ಮಾಡುತ್ತಿದ್ದ ಕೆಲಸ ಧೂಳು ಹೊಡೆಯುವುದು. ಬೆಳಿಗ್ಗೆ ಪೇಪರು ಓದಲು ನಾಲ್ಕು ಜನ ಹಿರಿಯರು ಬರುತ್ತಿದ್ದರು. ಮಧ್ಯಾಹ್ನ ಪರೀಕ್ಷೆಗೆ ಕಟ್ಟಿದ ಹುಡುಗರು ತಮ್ಮ ತಮ್ಮ ಗೈಡುಗಳನ್ನು ತಾವೇ ಹೊತ್ತು ತಂದು ಫ್ಯಾನಿನ ಕೆಳಗೆ ಕೂರುತ್ತಿದ್ದರು. ನಮ್ಮದು ಅಂತ ಅವರು ಬಳಸಿದ್ದು ಕರೆಂಟು ಮತ್ತು ಕುಡಿಯುವ ನೀರು. ಮಕ್ಕಳ ಕಪಾಟಿನ ಬೀಗ ತುಕ್ಕು ಹಿಡಿದಿತ್ತು. ವರ್ಷವರ್ಷವೂ ಹೊಸ ಪುಸ್ತಕದ ಕಟ್ಟು ಬರುತ್ತಿತ್ತು, ಮುದ್ರೆ ಒತ್ತಿ ಜೋಡಿಸುತ್ತಿದ್ದೆ, ಅವು ಜೋಡಿಸಿದ ಹಾಗೇ ಹಳತಾಗುತ್ತಿದ್ದವು. ಮೊದಮೊದಲು ಶಾಲೆಗಳಿಗೆ ಹೋಗಿ ಮಕ್ಕಳನ್ನು ಕರೆದಿದ್ದುಂಟು. ಆಮೇಲೆ ಅದೂ ಸಾಕಾಯಿತು.

ಊರ ಮಕ್ಕಳ ಮಾತಿರಲಿ, ನನ್ನ ಮಗಳು ಸ್ಫೂರ್ತಿಯೇ ಲೈಬ್ರರಿ ಮೆಟ್ಟಿಲು ಹತ್ತುತ್ತಿರಲಿಲ್ಲ. ಎರಡನೇ ಪಿಯುಸಿ ಅವಳು. ಕಣ್ಣು ಬಿಟ್ಟಾಗಿನಿಂದ ಮುಚ್ಚುವವರೆಗೆ ಫೋನು. ಆಟವಲ್ಲ, ವಿಡಿಯೋವಲ್ಲ, ಓದು. ಯಾರು ಯಾರೋ ದಿನಕ್ಕೊಂದು ಅಧ್ಯಾಯ ಬರೆದು ಹಾಕುವ ಧಾರಾವಾಹಿ ಕತೆಗಳು. ಕನ್ನಡದ್ದು, ತೆಲುಗಿನದು, ಇಂಗ್ಲಿಷಿನದು, ಸಿಕ್ಕಿದ್ದೆಲ್ಲ. ಬೈದರೆ ತಲೆ ಎತ್ತದೆ ಹೇಳುತ್ತಿದ್ದಳು, "ಓದು ಓದು ಅಂತ ಪ್ರಾಣ ತಿಂತೀಯ. ಓದ್ತಾನೇ ಇದೀನಲ್ಲಮ್ಮ, ಇನ್ನೇನ್ ಬೇಕು ನಿಂಗೆ?"

ನನ್ನ ಗಂಡ ಮಾಲೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ನಾಯಿಯ ಸುದ್ದಿ ತಂದವರು ಅವರೇ. ಮಾಲೂರಿನ ಹೊರಗೆ ಒಂದು ಸಣ್ಣ ಕೇಂದ್ರವಿದೆಯಂತೆ, ಕಣ್ಣು ಕಾಣದವರನ್ನು ಕೈಹಿಡಿದು ನಡೆಸುವ ನಾಯಿಗಳನ್ನು ತಯಾರು ಮಾಡುತ್ತಾರಂತೆ, ತರಬೇತಿಗೆ ಮುಂಚೆ ಮರಿಯನ್ನು ಒಂದು ವರ್ಷ ಯಾರದಾದರೂ ಮನೆಯಲ್ಲಿ ಬಿಡುತ್ತಾರಂತೆ. ಜನ, ಬಸ್ಸು, ಸಂತೆ, ಗಲಾಟೆ ಎಲ್ಲ ರೂಢಿಯಾಗಲಿ ಅಂತ. ಕೇಳಿದ್ದೇ ನಾನು ಒಂದು ಲೆಕ್ಕ ಹಾಕಿದೆ. ಹುಡುಗಿಯ ಕೈಗೆ ನಾಯಿಯ ಹಗ್ಗ ಕೊಟ್ಟರೆ ಫೋನು ತಾನಾಗಿ ಒಳಗೆ ಹೋಗುತ್ತದೆ. ಮನುಷ್ಯರಿಗೆ ಎರಡು ಕೈ ಇರುತ್ತವೆ ಎನ್ನುವುದು ಹೊಳೆಯಲಿಲ್ಲ.

ಮಾವಿನ ಸುಗ್ಗಿ ಮುಗಿಯುತ್ತಾ ಬಂದಿತ್ತು. ಮಂಡಿಯಲ್ಲಿ ಕೊನೆಯ ನೀಲಂ ಕಾಯಿ ಲೋಡಾಗುತ್ತಿದ್ದ ದಿನಗಳು, ರಸ್ತೆ ತುಂಬಾ ಕೊಳೆತ ಹಣ್ಣು, ಒದ್ದೆ ಹುಲ್ಲು, ನೊಣ. ಕೇಂದ್ರದ ತರಬೇತುದಾರ ಮುನಿರಾಜು ಅವರು ಮರಿಯನ್ನು ಎತ್ತಿಕೊಂಡು ಬಂದರು. ಕಡುಗಪ್ಪು, ಮೈಮೇಲೆ ಬಿಸಿಲು ಬಿದ್ದರೆ ಚೂರು ನೀಲಿ. ಸ್ಫೂರ್ತಿ ಒಂದೇ ಸಲ ಫೋನಿನಿಂದ ತಲೆ ಎತ್ತಿ "ನೇರಳೆ" ಅಂದಳು. ಹೆಸರು ನಿಂತಿತು.

ಮುನಿರಾಜು ಕಡಿಮೆ ಮಾತಿನ ಮನುಷ್ಯ. ನಿಯಮಗಳನ್ನು ಹೇಳುವಾಗ ಮಾತ್ರ ಬಿಡಿಸಿ ಬಿಡಿಸಿ ಹೇಳಿದರು. ಎಡಗಡೆ ನಡೆಸಬೇಕು. ಬೇರೆಯವರು ಮುದ್ದು ಮಾಡಬಾರದು. "ಮುಖ್ಯವಾದ್ದು ಊಟ. ಇದರ ಬಟ್ಟಲಲ್ಲಿ ನೀವು ಹಾಕಿದ್ದು ಬಿಟ್ರೆ ಒಂದು ಅಗುಳೂ ಹೊರಗಡೆ ತಿನ್ನಬಾರದು. ರಸ್ತೇಲಿ ತಿನ್ನೋ ಆಸೆ ಬಿದ್ದ ನಾಯಿ ಯಜಮಾನನ್ನ ಬಸ್ಸಿನ ಕೆಳಕ್ಕೇ ಕರ್ಕೊಂಡು ಹೋಗುತ್ತೆ." ಮುಳಬಾಗಿಲಿನ ಮನೆಯೊಂದರಲ್ಲಿ ಬೆಳೆದ ಮರಿ ಬೀದಿನಾಯಿಗಳಿಗೆ ಹೆದರಿ ಕೆಲಸಕ್ಕೆ ಬಾರದೆ ಹೋಯಿತಂತೆ. "ಇದೊಂದಾದ್ರೂ ನಿಲ್ಲಬೇಕು ಮೇಡಂ" ಎಂದರು. ಅವರ ಮುಖದಲ್ಲಿಯೂ ನನ್ನ ಮುಖದಲ್ಲಿದ್ದಂಥದ್ದೇ ದಣಿವು ಕಂಡು ಹತ್ತಿರದವರು ಅನ್ನಿಸಿತು.

ಬೆಳಿಗ್ಗೆ ಅದನ್ನು ನನ್ನ ಜೊತೆ ಲೈಬ್ರರಿಗೆ ಕರೆದುಕೊಂಡು ಹೋಗುತ್ತಿದ್ದೆ. ಮೇಜಿನ ಕೆಳಗೆ ಮಲಗಿರುತ್ತಿತ್ತು. ಪೇಪರಿನ ಹಿರಿಯರು ಮೊದಲ ವಾರ ದೂರ ಕೂತರು, ಎರಡನೇ ವಾರ ಕಾಲು ಚಾಚಿ ಅದರ ಪಕ್ಕವೇ ಕೂತರು. ಮಂಡಿಯ ಗದ್ದಲ, ಲಾರಿ ಹಾರನ್ನು, ಬಸ್‌ಸ್ಟ್ಯಾಂಡಿನ ನೂಕುನುಗ್ಗಲು ಎಲ್ಲದರ ನಡುವೆ ನಿಲ್ಲಿಸಿ ಅಭ್ಯಾಸ ಮಾಡಿಸಿದೆ. ರಸ್ತೆಯ ಮೇಲಿನ ಮಾವಿನ ಓಟೆಗೆ ಮೂಗು ಹಾಕಿದರೆ "ಬಿಡು" ಅನ್ನುವುದು, ಬಿಟ್ಟರೆ ಜೇಬಿನಿಂದ ಮುನಿರಾಜು ಕೊಟ್ಟಿದ್ದ ನಾಯಿತಿಂಡಿಯ ಒಂದು ಕಾಳು ಕೊಡುವುದು. ಹೇಳಿ ಹೇಳಿ ನನಗೆ ಮನೆಯಲ್ಲೂ "ಬಿಡು" ಅನ್ನುವುದೇ ಮಾತಾಗಿ ಹೋಗಿತ್ತು. ಸಂಜೆಯ ಓಡಾಟ ಮಾತ್ರ ಸ್ಫೂರ್ತಿಯದು.

ಊರಿನವರಿಗೆ ನೇರಳೆ ಕಂಡದ್ದೇ ಬೇರೆ ಥರ. ನಮ್ಮ ಕಡೆ ಶನಿಕಾಟ ಅಂದರೆ ಕರಿ ನಾಯಿಗೆ ಅನ್ನ ಹಾಕಬೇಕು, ಭೈರವನ ವಾಹನ ಅದು. ಬೀದಿಯಲ್ಲಿ ಕೆಂಚ, ಬಿಳಿಯ, ಮಚ್ಚೆಯವು ಎಷ್ಟು ಬೇಕಾದರೂ ಇವೆ. ಒಂದು ಬಿಳಿ ಕೂದಲೂ ಇಲ್ಲದ ಕರಿ ನಾಯಿ ಎಲ್ಲಿ ಸಿಗುತ್ತದೆ? ಬೇಕರಿಯವನು ನನ್ನನ್ನು ಕಂಡಾಗಲೆಲ್ಲ, "ಮೇಡಂ, ಇವತ್ತೊಂದಿನ, ಒಂದೇ ಒಂದು ಬನ್ನು ಹಾಕ್ತೀನಿ. ಅಂಗಡಿ ಯಾಕೋ ಸರಿ ನಡೀತಿಲ್ಲ" ಎಂದು ಕೈಮುಗಿಯುತ್ತಿದ್ದ. ನನಗಲ್ಲ, ನಾಯಿಗೆ. ಕಟ್ಟುನಿಟ್ಟಾಗಿ ಬೇಡ ಅಂದೆ. ಒಬ್ಬರಿಗೆ ಬೇಡ ಅನ್ನುವುದು ಸುಲಭ, ದಿನಾ ಒಂದೊಂದು ಮನೆಯ ಕಷ್ಟ ಕೇಳಿ ಬೇಡ ಅನ್ನುವುದರಲ್ಲಿ ಮನೆ ಸೇರುವ ಹೊತ್ತಿಗೆ ಸುಸ್ತಾಗುತ್ತಿತ್ತು.

ದಸರಾ ಕಳೆದ ಮೇಲೆ ಒಂದು ಸಂಜೆ ಲೈಬ್ರರಿ ಬೇಗ ಮುಚ್ಚಿ ಮನೆಗೆ ಬರುತ್ತಿದ್ದೆ. ಮುಂದೆ ಸ್ಫೂರ್ತಿ ಹೋಗುತ್ತಿದ್ದಳು. ಎಡಗೈಯಲ್ಲಿ ನೇರಳೆಯ ಹಗ್ಗ, ಬಲಗೈಯಲ್ಲಿ ಫೋನು, ಕಣ್ಣು ಪೂರ್ತಿ ಫೋನಿನೊಳಗೆ. ಕೂಗಬೇಕೆಂದು ಬಾಯಿ ತೆರೆದವಳು ಹಿಂದೆಯೇ ನಡೆದೆ. ಚರಂಡಿಯ ಕಲ್ಲು ಕಿತ್ತುಹೋಗಿದ್ದ ಜಾಗದಲ್ಲಿ ನೇರಳೆ ನಿಂತು ತನ್ನ ಮೈಯನ್ನು ಅವಳ ಮೊಣಕಾಲಿಗೆ ಅಡ್ಡ ಇಟ್ಟಿತು. ಇವಳು ತಲೆ ಎತ್ತದೆ ನಿಂತಳು. ಅದು ಬಲಕ್ಕೆ ಸುತ್ತಿತು, ಇವಳೂ ಸುತ್ತಿದಳು. ನಿಂತಿದ್ದ ಆಟೋ, ಮಲಗಿದ್ದ ಹಸು, ಮನೆಯ ಮೆಟ್ಟಿಲು, ಎಲ್ಲ ಕಡೆಯೂ ಹಾಗೇ. ಮಗಳು ಒಂದು ಸಲವೂ ದಾರಿ ನೋಡದೆ ಮನೆ ಸೇರಿದಳು.

ಬೈದೆ, ಬೈಯದೆ ಬಿಡುತ್ತೇನೆಯೇ? ಮುನಿರಾಜು ತಿಂಗಳ ಭೇಟಿಗೆ ಬಂದಾಗ ಹೆದರಿಕೊಂಡೇ ಅವರಿಗೆ ವಿಷಯ ಹೇಳಿದೆ. ಅವರು ಸ್ಫೂರ್ತಿಗೆ ಫೋನು ಕೊಟ್ಟು ನಡೆಸಿ ನೋಡಿದರು. ಬಂದು ಜಗುಲಿಯ ಮೇಲೆ ಕೂತು ಬಹಳ ಹೊತ್ತು ನೇರಳೆಯ ಕಿವಿ ಸವರಿದರು.

"ಇದನ್ನ ಕಲ್ಸೋಕೆ ನಾವು ತಿಂಗಳುಗಟ್ಟಲೆ ಒದ್ದಾಡ್ತೀವಿ ಮೇಡಂ. ಇದು ತಾನೇ ಕಲ್ತಿದೆ. ಪಕ್ಕದಲ್ಲಿರೋಳಿಗೆ ಕಣ್ಣು ಕಾಣಲ್ಲ ಅಂತ ತಿಳ್ಕೊಂಡುಬಿಟ್ಟಿದೆ."

ಸ್ಫೂರ್ತಿ ನನ್ನ ಕಡೆ ನೋಡಿ ನಕ್ಕಳು. ಆ ವರ್ಷ ನಮ್ಮ ಮನೆಯಲ್ಲಿ ಅವಳು ಗೆದ್ದ ಜಗಳ ಅದೊಂದೇ ಇರಬೇಕು.

ಮುಂದಿನ ಸಲ ಬಂದಾಗ ಮುನಿರಾಜು ಒಬ್ಬಳು ಹೆಣ್ಣುಮಗಳನ್ನು ಕರೆತಂದರು. ಮಂಜುಳಾ, ಹುತ್ತೂರಿನವಳು, ರೇಷ್ಮೆ ಬೆಳೆಯುವ ಮನೆ. ಹೈಸ್ಕೂಲಿನಲ್ಲಿದ್ದಾಗ ಕಣ್ಣಿನ ನರ ಒಣಗಿ ದೃಷ್ಟಿ ಹೋಯಿತು. ಆದರೂ ಓದಿ ಕೋಲಾರದ ಬ್ಯಾಂಕೊಂದರಲ್ಲಿ ಕೆಲಸ ಹಿಡಿದಿದ್ದಳು. ಎಲ್ಲ ಸರಿಹೋದರೆ ನೇರಳೆ ಅವಳಿಗೆ. ನಾನು ಅವಳನ್ನು ಲೈಬ್ರರಿಯಲ್ಲಿ ಕೂರಿಸಿ, ರೂಢಿಯ ಬಲದಿಂದ, ನಮ್ಮಲ್ಲಿ ಇಷ್ಟು ಪುಸ್ತಕಗಳಿವೆ ಅಂತ ಶುರುಮಾಡಿದೆ. ಅವಳು ಎದ್ದು ಕಪಾಟಿನ ಮೇಲೆ ಬೆರಳಾಡಿಸಿದಳು, ಒಂದನ್ನು ತೆಗೆದು ಮೂಸಿದಳು, ಸರಿಯಾಗಿ ಅದೇ ಜಾಗದಲ್ಲಿ ಇಟ್ಟಳು.

"ವಾಸನೆ ಚೆನ್ನಾಗಿದೆ ಮೇಡಂ. ಆದ್ರೆ ಇವು ನನ್ನ ಜೊತೆ ಮಾತಾಡಲ್ಲ. ನಂಗೆ ಫೋನೇ ಓದಿ ಹೇಳ್ಬೇಕು."

ಫೋನು ತೆಗೆದು ಒತ್ತಿದಳು. ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಪಟಪಟ ಮಾತು ಸಿಡಿಯಿತು. ಆ ವೇಗಕ್ಕೆ ನನಗೊಂದು ಪದವೂ ತಿಳಿಯಲಿಲ್ಲ. ಆ ಹೊತ್ತಿಗೆ ಕಾಲೇಜಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ ಸ್ಫೂರ್ತಿ, "ಅಕ್ಕಾ, ಅದು ಹಾಸ್ಟೆಲ್ ಕತೆ ಅಲ್ವಾ? ನೀವಿನ್ನೂ ವಾರ್ಡನ್ ಸಿಕ್ಕಿಬೀಳೋ ಕಡೆಗೆ ಬಂದಿಲ್ವಾ?" ಎಂದಳು. ಮಗಳು ಲೈಬ್ರರಿಯ ಒಳಗೆ ಬಂದದ್ದು ಅವತ್ತು. ಇಬ್ಬರೂ ಕಿಟಕಿಯ ಪಕ್ಕ ಕೂತು ಎರಡು ಗಂಟೆ ಮಾತಾಡಿದರು, ನೇರಳೆ ಇಬ್ಬರ ಕಾಲಿನ ಮೇಲೂ ಮಲಗಿತು. ನಾನು ಧೂಳು ಹೊಡೆಯುತ್ತಾ ಕೇಳುತ್ತಿದ್ದೆ. ಹೊಟ್ಟೆಕಿಚ್ಚು ಅಂದರೆ ಅದೇ ಇರಬೇಕು.

ಹೊರಡುವ ಮುಂಚೆ ಮಂಜುಳಾ ನನಗೆ ಹೇಳಿದ್ದು ಇಷ್ಟು. "ನನ್ ತಮ್ಮ ಒಳ್ಳೆಯವ್ನು ಮೇಡಂ. ದಿನಾ ಬೈಕಲ್ಲಿ ಬಸ್‌ಸ್ಟಾಪಿಗೆ ಬಿಡ್ತಾನೆ, ಸಂಜೆ ಬಂದು ಕಾಯ್ತಾನೆ. ಆದ್ರೆ ಎಲ್ಲಿಗೆ ಹೋಗ್ಬೇಕಂದ್ರೂ ಯಾಕೆ, ಏನು, ಎಷ್ಟೊತ್ತು ಅಂತ ಹೇಳ್ಬೇಕು. ಕೆಲ್ಸ ಇದ್ರೆ ಕರ್ಕೊಂಡು ಹೋಗ್ತಾರೆ. ಸುಮ್ನೆ ಹೋಗೋಕೆ ಯಾರು ಕರ್ಕೊಂಡು ಹೋಗ್ತಾರೆ ಹೇಳಿ." ಆಮೇಲೆ ಪ್ರತಿ ವಾರ ಫೋನು ಮಾಡುತ್ತಿದ್ದಳು. ಕತೆಯ ಮಾತು ಸ್ಫೂರ್ತಿಯ ಜೊತೆ, ನಾಯಿಯ ಮಾತು ನನ್ನ ಜೊತೆ.

ಚಳಿಗಾಲ ಬಂತು, ಪರೀಕ್ಷೆಯೂ ಹತ್ತಿರ ಬಂತು. ಯಲ್ದೂರಿನ ನನ್ನ ಅತ್ತೆ ಆಗ ನಮ್ಮ ಜೊತೆಗೇ ಇದ್ದರು. ಮೊಮ್ಮಗಳ ಜಾತಕ ತೋರಿಸಿಕೊಂಡು ಬಂದು, ಸಾಡೇಸಾತಿ ನಡೆಯುತ್ತಿದೆ, ಶನಿವಾರ ಗುಡಿಗೆ ಹೋಗಲೇಬೇಕು ಎಂದರು. ಹೋಗಲಿ ಅಂತ ನಾನೂ ಅಂದೆ. ಶನಿವಾರ ಸಂಜೆ ಅಜ್ಜಿ, ಮೊಮ್ಮಗಳು, ನೇರಳೆ ಮೂವರೂ ಹೊರಡುತ್ತಿದ್ದರು. ಅತ್ತೆಯ ಬ್ಯಾಗಿನಲ್ಲಿ ಎಣ್ಣೆಯ ಸೀಸೆ, ಎಳ್ಳುಬತ್ತಿ, ಮೇಲೊಂದು ಡಬ್ಬಿ. ಪ್ರಸಾದಕ್ಕೆ ಅಂದುಕೊಂಡೆ. ಅತ್ತೆ ಗುಡಿಯಿಂದ ಬರುವಾಗ ಮುಖ ಅರಳಿರುತ್ತಿತ್ತು. ಮಂಡಿನೋವು ಮರೆತು ನಡೆಯುತ್ತಿದ್ದರು. ಮನೆಯಲ್ಲಿ ಯಾರಾದರೂ ಒಬ್ಬರು ನೆಮ್ಮದಿಯಾಗಿದ್ದಾರಲ್ಲ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಏಪ್ರಿಲ್‌ನಲ್ಲಿ ಫಲಿತಾಂಶ ಬಂತು, ಸ್ಫೂರ್ತಿಗೆ ಫಸ್ಟ್ ಕ್ಲಾಸ್. ಅತ್ತೆ ಬೀದಿಗೆಲ್ಲ ಕಡಲೆಹಿಟ್ಟಿನ ಉಂಡೆ ಹಂಚಿದರು. ಮೇ ತಿಂಗಳಲ್ಲಿ, ಮತ್ತೆ ಮಂಡಿ ತುಂಬಿ ಬಾದಾಮಿ ಮಾವಿನ ವಾಸನೆ ಊರನ್ನೇ ಹಿಡಿದಿದ್ದಾಗ, ಮುನಿರಾಜು ನೇರಳೆಯನ್ನು ಕರೆದೊಯ್ಯಲು ಬಂದರು. ಬಂದದ್ದು ಶನಿವಾರ. ಅವರಿಗೆ ಬಿಡುವಾದದ್ದು ಅವತ್ತು, ಅಷ್ಟೇ.

ಹೊರಡುವ ಮುಂಚೆ ಒಂದು ಸಲ ನೋಡೋಣ ಅಂತ ನೇರಳೆಯ ಬೆನ್ನಿಗೆ ಹಿಡಿಕೆಯ ಪಟ್ಟಿ ಕಟ್ಟಿ, ತಮ್ಮ ಕಣ್ಣಿಗೂ ಬಟ್ಟೆ ಕಟ್ಟಿಕೊಂಡರು. ನಾನು ಹಿಂದೆ. ಲೈಬ್ರರಿಯಿಂದ ಬಸ್‌ಸ್ಟ್ಯಾಂಡಿನವರೆಗೆ ನೇರಳೆಯೇ ನಡೆಸಿತು. ಹಣ್ಣಿನ ಕ್ರೇಟುಗಳ ನಡುವೆ ದಾರಿ ಮಾಡಿತು. ಬೀದಿನಾಯಿ ಬೊಗಳಿದರೆ ಕಿವಿಯನ್ನೂ ತಿರುಗಿಸಲಿಲ್ಲ. ಕಾಲ ಕೆಳಗೇ ಬಿದ್ದಿದ್ದ ಹಣ್ಣನ್ನು ಮೂಸಲಿಲ್ಲ. ಮುನಿರಾಜು ಬಟ್ಟೆಯ ಕೆಳಗೆ ನಗುತ್ತಿದ್ದರು. ಅಷ್ಟರಲ್ಲಿ ರಸ್ತೆಯ ಆಚೆ ಬದಿಯ ಗುಡಿಯಲ್ಲಿ ದೀಪ ಹಚ್ಚಿದರು, ಎಳ್ಳೆಣ್ಣೆಯ ಹೊಗೆ ಗಾಳಿಯಲ್ಲಿ ಬಂತು.

ನೇರಳೆ ನಿಲ್ಲಲಿಲ್ಲ, ಎಡಬಲ ನೋಡಲಿಲ್ಲ. ನೇರವಾಗಿ ರಸ್ತೆಗೆ ಇಳಿಯಿತು. ಮಾವಿನ ಲಾರಿಯೊಂದು ಕಿರುಚಿಕೊಂಡು ಬ್ರೇಕು ಹಾಕಿದ್ದು, ನಾನು ಓಡಿ ಮುನಿರಾಜು ಅವರ ಅಂಗಿ ಹಿಡಿದದ್ದು, ಡ್ರೈವರು ತೆಲುಗಿನಲ್ಲಿ ಬೈದದ್ದು, ಎಲ್ಲ ಒಟ್ಟಿಗೆ ಆಯಿತು. ನೇರಳೆ ಮಾತ್ರ ನಮ್ಮನ್ನು ಎಳೆದುಕೊಂಡೇ ಗುಡಿಯ ಮುಂದೆ ಹೋಗಿ ಅಚ್ಚುಕಟ್ಟಾಗಿ ಕೂತು ಬಾಲ ಆಡಿಸಿತು. ಅಲ್ಲಿ ಸಾಲಾಗಿ ಜನ ನಿಂತಿದ್ದರು. ಒಬ್ಬರ ಕೈಯಲ್ಲಿ ಮೊಸರನ್ನ, ಒಬ್ಬರ ಕೈಯಲ್ಲಿ ಎಳ್ಳುಂಡೆ, ಬೇಕರಿಯವನ ಕೈಯಲ್ಲಿ ಬನ್ನು. "ಬಂದ್ಳು ನೋಡಿ ನಮ್ಮಮ್ಮ" ಎಂದು ಅವನು ಅಂದದ್ದು ಕೇಳಿಸಿತು. ನನ್ನನ್ನು ಕಂಡು ಬನ್ನನ್ನು ಬೆನ್ನ ಹಿಂದೆ ಮಾಡಿದ. ಮುನಿರಾಜು ಕಣ್ಣಿನ ಬಟ್ಟೆ ಬಿಚ್ಚಿ ಆ ಸಾಲನ್ನೊಮ್ಮೆ ನೋಡಿದರು.

ಮನೆಗೆ ಬಂದು ನಾನು ಕೂಗಾಡಿದೆ. ಅತ್ತೆಗೆ ನಿಜಕ್ಕೂ ಅರ್ಥವಾಗಲಿಲ್ಲ. "ಅದೇಂ ತಪ್ಪಮ್ಮಾ? ಮನೇಲಿ ಕರೀ ನಾಯಿ ಇಟ್ಕೊಂಡು ಮಗೂಗೋಸ್ಕರ ಒಂದು ತುತ್ತು ಹಾಕ್ದಿದ್ರೆ ದೇವ್ರು ಮೆಚ್ತಾನಾ? ಆಮೇಲೆ ಜನ ಬಂದು ಕೇಳಿದ್ರು. ಅವರ ಮನೇಲೂ ಮಕ್ಕಳಿಲ್ವಾ? ಬೇಡ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ."

"ನೀನೆಲ್ಲಿದ್ದೆ?" ಎಂದು ಮಗಳನ್ನು ಕೇಳಿದೆ.

"ಅಲ್ಲೇ ಮೆಟ್ಲ ಮೇಲೆ ಕೂತಿದ್ದೆ ಅಮ್ಮ." ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು. "ಓದ್ತಾ ಇದ್ದೆ. ಅಜ್ಜಿ ನೀರು ಕುಡಿಸ್ತಿದಾಳೆ ಅಂದ್ಕೊಂಡಿದ್ದೆ."

ಅವಳ ಕಣ್ಣು ಫೋನಿನಲ್ಲಿದ್ದದ್ದಕ್ಕೆ ನೇರಳೆ ದಾರಿ ತೋರಿಸುವುದನ್ನು ಕಲಿತಿತ್ತು. ಅದೇ ಕಣ್ಣು ಫೋನಿನಲ್ಲಿದ್ದದ್ದಕ್ಕೆ ಶನಿವಾರಗಳು ಕೈತಪ್ಪಿದವು. ಯಾರನ್ನು ಏನೆಂದು ಬೈಯುವುದು? ಅವತ್ತು ರಾತ್ರಿ ಯಾರೂ ಊಟ ಮಾಡಲಿಲ್ಲ. ನೇರಳೆ ಮಾತ್ರ ಉಂಡಿತು.

ಮಾರನೆಯ ದಿನ ಮುನಿರಾಜು ಅದನ್ನು ಮಾಲೂರಿಗೆ ಕರೆದುಕೊಂಡು ಹೋಗಿ ಆಷಾಢ ಕಳೆಯುವವರೆಗೂ ಒದ್ದಾಡಿದರು. ಮೇಲಿಂದ ಮೇಲೆ ಫೋನು ಮಾಡಿ ಕೇಳುತ್ತಿದ್ದೆ. ಒಂದು ದಿನ ಅವರೇ ಮಾಡಿದರು. "ಆರು ದಿನ ಚಿನ್ನದಂಥ ನಾಯಿ ಮೇಡಂ. ಶನಿವಾರ ಎಲ್ಲಾದ್ರೂ ಎಳ್ಳೆಣ್ಣೆ ವಾಸನೆ ಬಂದ್ರೆ ಅದಕ್ಕೆ ನಾನೂ ಇಲ್ಲ, ರಸ್ತೇನೂ ಇಲ್ಲ. ನಮ್ಮ ಕಡೆ ಯಾವ ಊರಲ್ಲಿ ಆ ವಾಸನೆ ಇಲ್ಲ ಹೇಳಿ. ಆ ಹುಡುಗಿ ಕೈಗೆ ಕೊಡೋ ಧೈರ್ಯ ನಂಗಿಲ್ಲ." ನಾಯಿಯನ್ನು ನೀವೇ ಇಟ್ಟುಕೊಳ್ಳಬಹುದು ಎಂದರು. ನೇರಳೆ ಇವತ್ತಿಗೂ ನಮ್ಮ ಮನೆಯಲ್ಲೇ ಇದೆ. ಬೇರೆ ನಾಯಿಗೆ ಮಂಜುಳಾಳ ಸರದಿ ಇನ್ನೂ ಬಂದಿಲ್ಲ.

ಸುದ್ದಿಯನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಶ್ರಾವಣದ ಒಂದು ಸೋಮವಾರ, ಬ್ಯಾಂಕಿಗೆ ರಜೆಯಿದ್ದ ದಿನ, ಗಂಡನ ಸ್ನೇಹಿತರ ಕಾರಿನಲ್ಲಿ ನಾನು, ಸ್ಫೂರ್ತಿ, ನೇರಳೆ ಹುತ್ತೂರಿಗೆ ಹೋದೆವು. ಮಂಜುಳಾಳಿಗೆ ಮುನಿರಾಜು ಆಗಲೇ ಹೇಳಿದ್ದರಂತೆ. ಮನೆಯೊಳಗೆ ರೇಷ್ಮೆಹುಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳಿಸುತ್ತಿತ್ತು. ಅವಳು ನೇರಳೆಯ ತಲೆ ಹಿಡಿದುಕೊಂಡು ನೆಲದ ಮೇಲೇ ಕೂತಳು.

"ಶನಿವಾರ ನಾನು ಮನೆಯಿಂದ ಹೊರಗೆ ಬರಲ್ಲ ಮೇಡಂ. ಬ್ಯಾಂಕಿದ್ರೆ ತಮ್ಮನ ಜೊತೆ ಹೋಗ್ತೀನಿ. ಮಿಕ್ಕ ದಿನಕ್ಕೆ ಕೊಡಿ ಅಂತ ಮುನಿರಾಜಣ್ಣನ್ನ ಕೇಳ್ದೆ. ಹಾಗೆಲ್ಲ ಆಗಲ್ಲಮ್ಮ ಅಂದ್ರು." ನಗಲು ನೋಡಿದಳು, ಆಗಲಿಲ್ಲ.

ಸ್ಫೂರ್ತಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. "ನಾನು ನೋಡ್ಬೇಕಿತ್ತಕ್ಕಾ" ಎಂದಳು. ಮಂಜುಳಾ "ಹೂಂ, ನೋಡ್ಬೇಕಿತ್ತು" ಅಂದಳು. ಪರವಾಗಿಲ್ಲ ಬಿಡು ಅನ್ನಲಿಲ್ಲ. ನನಗೆ ಅವಳ ಮೇಲೆ ಗೌರವ ಹೆಚ್ಚಾದದ್ದು ಆಗ.

ಆಮೇಲೆ ಕೇಳಿದಳು. "ಇವತ್ತು ಸೋಮವಾರ ಅಲ್ವಾ? ಒಂದು ಸಲ ಹಗ್ಗ ನನ್ನ ಕೈಗೆ ಕೊಡ್ತೀರಾ?"

ಬಾಗಿಲಲ್ಲಿ ನಿಂತಿದ್ದ ಅವಳ ತಮ್ಮ ಬೇಡವೆಂದ. ನಾನೂ ಮೊದಲು ಬೇಡವೆಂದೇ ಅಂದೆ. ಬೆನ್ನಿನ ಪಟ್ಟಿಯನ್ನು ಕೇಂದ್ರಕ್ಕೆ ಕೊಟ್ಟಾಗಿತ್ತು, ಬರೀ ಹಗ್ಗ. ಸ್ಫೂರ್ತಿ ಯಾರ ಮಾತನ್ನೂ ಕೇಳದೆ ಹಗ್ಗವನ್ನು ಅವಳ ಎಡಗೈಗೆ ಇಟ್ಟಳು. ಮಂಜುಳಾ ಬಲಗೈಯಲ್ಲಿ ಕೋಲು ಹಿಡಿದು "ನಡಿ" ಎಂದಳು.

ನಾವು ಮೂವರೂ ಹಿಂದೆಯೇ ಹೊರಟೆವು. ಸ್ಫೂರ್ತಿ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದಳು. ಅವಳ ಫೋನು ಎಲ್ಲಿತ್ತೋ ಗೊತ್ತಿಲ್ಲ, ಕೈಯಲ್ಲಂತೂ ಇರಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದ ಟ್ರ್ಯಾಕ್ಟರನ್ನು ನೇರಳೆ ಸುತ್ತಿಕೊಂಡು ಹೋಯಿತು. ಚರಂಡಿಯ ಅಂಚಿಗೆ ಬಂದು ಮೈಯನ್ನು ಅಡ್ಡ ಇಟ್ಟಿತು. ಮಂಜುಳಾ ನಿಂತು, ಕೋಲಿನಿಂದ ತಡಕಿ, ದಾಟಿದಳು. ಟೀ ಅಂಗಡಿಯವರು ಮಾತು ನಿಲ್ಲಿಸಿ ನೋಡಿದರು. ದಾರಿ ಉದ್ದಕ್ಕೂ ಅವಳು ಒಂದು ಸಲವೂ ಹಿಂದೆ ತಿರುಗಿ ನೀವಿದ್ದೀರಾ ಎಂದು ಕೇಳಲಿಲ್ಲ. ಬಸ್‌ಸ್ಟಾಪಿನ ಹುಣಸೆಮರದ ಕೆಳಗೆ ನೇರಳೆ ಕೂತಿತು. ಅವಳು ಮರದ ಬೊಡ್ಡೆ ಮುಟ್ಟಿ ನೋಡಿ, ಸೆರಗು ಸರಿಮಾಡಿಕೊಂಡು, ಎಲ್ಲರಂತೆ ನಿಂತಳು.

ಕೋಲಾರದ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಿನಿಂದ ಬಗ್ಗಿ, "ಎಲ್ಲಿಗಮ್ಮಾ? ಬೇಗ ಹತ್ತು" ಎಂದ.

"ಎಲ್ಲಿಗೂ ಇಲ್ಲಣ್ಣ, ನೀವು ಹೋಗಿ" ಎಂದಳು ಮಂಜುಳಾ. "ನಾನು ಸುಮ್ನೆ ಬಂದೆ."

ಬಸ್ಸು ಹೋಯಿತು. ಅದರ ಧೂಳು ಇಳಿದ ಮೇಲೂ ಅವಳು ಅಲ್ಲಿಯೇ ನಿಂತಿದ್ದಳು. ಬಾ ಹೋಗೋಣ ಅಂತ ನಾವು ಯಾರೂ ಕರೆಯಲಿಲ್ಲ.